ಈ ವಾರ ಸಾಲ್ಯಾಗ ಏನ ನಡದೈತಿ?

ಬೆಳಗಾವಿಯ ರವಿವಾರ ಪೇಟೆಯಲ್ಲಿ ಚೀಲ ಹೊರುವ ಹಮಾಲರೂ, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಂಗಡಿಕಾರರೂ ಸಂಜೆ ಮನೆ ಮುಟ್ಟಿದ ಮೇಲೆ ಮಕ್ಕಳಿಗೆ ಕೇಳುವ ಮಾತು ಒಂದೇ: “ಇವತ್ತ ಏನ ಕಲಿಸಿದ್ರು?” ಬರುವ ಉತ್ತರವೂ ಒಂದೇ: “ಏನಿಲ್ಲಪಾ.” ಮಗು ಏನನ್ನೂ ಮುಚ್ಚಿಡುತ್ತಿಲ್ಲ. ಇಡೀ ದಿನ ನಡೆದದ್ದನ್ನು ಕಲೆಹಾಕಿ ಎರಡು ಮಾತಿನಲ್ಲಿ ಹೇಳುವುದು ಆರೇಳು ವರ್ಷದ ಮಗುವಿಗೆ ಸಾಧ್ಯವಾಗದ ಕೆಲಸ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು. “ಇವತ್ತ ಪಾಟಿ ಮ್ಯಾಲ ಬರದದ್ದನ್ನ ನನಗೂ ಬರದ ತೋರ್ಸವಾ”, “ಬಾಯಾರು ಹೇಳಿದ ಕಥಿಯೊಳಗ ಯಾರ್‍ಯಾರ ಇದ್ರು?”, “ಯಾವ ಲೆಕ್ಕಾ ತಪ್ಪಿತು?” ಹೀಗೆ ಕೈಯಿಂದ ಮಾಡಿ ತೋರಿಸಬಹುದಾದದ್ದನ್ನು ಕೇಳಿದರೆ ಮಗು ಬಾಯಿ ಬಿಡುತ್ತದೆ.

ಅಷ್ಟು ಕೇಳಬೇಕಾದರೂ ಈ ವಾರ ತರಗತಿಯಲ್ಲಿ ಏನು ನಡೆದಿದೆ ಎಂಬ ಅಂದಾಜು ತಂದೆತಾಯಿಗೆ ಇರಬೇಕು. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ತರಗತಿಗಳನ್ನು, ಅಂದರೆ ಒಂದರಿಂದ ಐದನೆಯ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ತಿಳಿಯುವ ದಾರಿಗಳನ್ನು ಇಲ್ಲಿ ಬರೆದಿದ್ದೇನೆ.

ಪ್ರತಿ ಶಾಲೆಯಲ್ಲೂ ವರ್ಷದ ಪಾಠ ಹಂಚಿಕೆ ಇರುತ್ತದೆ. ಜೂನ್ ತಿಂಗಳಲ್ಲಿ ಇಷ್ಟು, ಜುಲೈನಲ್ಲಿ ಇಷ್ಟು ಎಂದು ಶಿಕ್ಷಕರು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಶಾಲೆ ಶುರುವಾದ ಮೊದಲ ದಿನಗಳು ಸೇತುಬಂಧಕ್ಕೆ ಮೀಸಲು. ಹಿಂದಿನ ತರಗತಿಯ ಕಲಿಕೆಯಲ್ಲಿ ಏನು ಉಳಿದಿದೆ, ಏನು ಮರೆತಿದೆ ಎಂದು ನೋಡಿ, ಸಡಿಲಾದದ್ದನ್ನು ಬಿಗಿ ಮಾಡುವ ಅವಧಿ ಅದು. “ಜೂನ್ ಮುಗೀಲಿಕ್ಕೆ ಬಂತು, ಇನ್ನೂ ಹಳೇದನ್ನ ಕಲಸಾಕತ್ತಾರ” ಎಂದು ಬೇಸರಪಡುವ ಪಾಲಕರು ಇದನ್ನು ತಿಳಿದಿರಬೇಕು. ನಂತರ ಪಠ್ಯಪುಸ್ತಕದ ಭಾಗ 1 ಶುರುವಾಗುತ್ತದೆ. ಪುಸ್ತಕ ಮನೆಯಲ್ಲಿ ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಹಿಡಿದಾಗ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆಯುತ್ತದೆ. ಇದು ನಾಲ್ಕು ಮತ್ತು ಐದನೆಯ ತರಗತಿಯ ಮಾತು. ಮೂರನೆಯವರೆಗಿನ ಮಕ್ಕಳ ವಿಷಯ ಪೂರ್ತಿ ಬೇರೆ.

ನಲಿ-ಕಲಿ: ಎಲ್ಲರಿಗೂ ಒಂದೇ ಪಾಠವಿಲ್ಲ

ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ಬಂತು, ಮುಂದೆ ಮೂರನೆಯದಕ್ಕೂ ಹಬ್ಬಿತು. ಈ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕೂಡಿ ಕೂರುತ್ತಾರೆ. ಪಾಠಗಳು ಕಾರ್ಡುಗಳ ರೂಪದಲ್ಲಿವೆ. ಗೋಡೆಯ ಮೇಲೆ ಕಲಿಕಾ ಏಣಿ ಇದೆ, ಏಣಿಯಲ್ಲಿ ಮೈಲಿಗಲ್ಲುಗಳಿವೆ. ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತದೆ.

ಹಾಗಾಗಿ “ಕ್ಲಾಸ್ ಎಲ್ಲೀತನಕಾ ಬಂತ್ರೀ ಟೀಚರ್?” ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. “ನನ್ನ ಮಗಳು ಯಾವ ಮೈಲಿಗಲ್ಲಿನ್ಯಾಗ ಇದ್ದಾಳ? ಈ ವಾರ ಯಾವ ಗುಂಪಿನ್ಯಾಗ ಕೂತಾಳ?” ಎಂದು ಕೇಳಬೇಕು. ಗುಂಪುಗಳು ಶಿಕ್ಷಕರ ಪೂರ್ಣ ಬೆಂಬಲದಿಂದ ಹಿಡಿದು, ಭಾಗಶಃ ಬೆಂಬಲ, ಜೊತೆಯ ಮಕ್ಕಳ ಬೆಂಬಲ, ಕೊನೆಗೆ ಸ್ವಕಲಿಕೆಯವರೆಗೆ ಸಾಗುತ್ತವೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಲ್ಲಿ ಕೂತ ಮಗು ದಡ್ಡ ಎಂದು ಬಹಳ ಮಂದಿ ತಿಳಿಯುತ್ತಾರೆ. ಅದು ತಪ್ಪು. ಹೊಸದೊಂದು ಅಂಶ ಶುರುವಾದಾಗ ಎಲ್ಲ ಮಕ್ಕಳೂ ಅಲ್ಲಿಂದಲೇ ಹೊರಡಬೇಕು. ಕಲಿತದ್ದು ಕೈಗೆ ಹತ್ತುತ್ತಿದ್ದಂತೆ ಮಗು ಮುಂದಿನ ಗುಂಪಿಗೆ ಸರಿಯುತ್ತದೆ. ಕೋಣೆಯ ಪ್ರಗತಿ ನೋಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಇದು ದಾಖಲಾಗಿರುತ್ತದೆ. ಪಾಲಕರು ಹೋಗಿ ಕಣ್ಣಾರೆ ನೋಡಬಹುದು. ಮೇಲೆ ದಾರ ಕಟ್ಟಿ ತೂಗುಹಾಕಿದ ಮಕ್ಕಳ ಚಿತ್ರ, ಬರಹಗಳನ್ನೂ, ಅಂದರೆ ಕಲಿಕಾ ಚಪ್ಪರವನ್ನೂ, ನೋಡದೆ ಬರಬೇಡಿ.

ಈ ಪದ್ಧತಿಯ ಒಂದು ಗುಣ ನಮ್ಮ ಭಾಗಕ್ಕೆ ಬಹಳ ಬೇಕಾದದ್ದು. ಜುಲೈ ಮಳೆಗೆ ಖಾನಾಪುರದಲ್ಲಿ ಹಳ್ಳ ತುಂಬಿ ಶಾಲೆಗೆ ರಜೆ ಕೊಡುವುದು ಹೊಸದಲ್ಲ. ಜಾತ್ರೆಗೆಂದು ವಾರಗಟ್ಟಲೆ ಊರಿಗೆ ಹೋಗುವ ಕುಟುಂಬಗಳೂ ಪೇಟೆಯಲ್ಲಿವೆ. ನಲಿ-ಕಲಿಯಲ್ಲಿ ಮಗು ಬಿಟ್ಟ ಕಾರ್ಡಿನಿಂದಲೇ ಮತ್ತೆ ಹಿಡಿಯುತ್ತದೆ, ತರಗತಿ ಮುಂದೆ ಓಡಿ ಮಗು ಹಿಂದೆ ಉಳಿಯುವ ಪ್ರಶ್ನೆ ಬರುವುದಿಲ್ಲ. ಹಾಗೆಂದು ರಜೆ ಹಾಕಿಸುವುದು ಒಳ್ಳೆಯದೆಂದಲ್ಲ. ತಿರುಗಿ ಬಂದ ದಿನ “ಎಲ್ಲಿ ಬಿಟ್ಟಿದ್ಲು” ಎಂದು ಶಿಕ್ಷಕರ ಜೊತೆ ಒಂದು ಮಾತು ಆಡಿದರೆ ಮಗುವಿನ ಅಂಜಿಕೆ ಅರ್ಧ ಇಳಿಯುತ್ತದೆ.

ಇನ್ನು ಅಜ್ಜ ಅಜ್ಜಿಯರ ತಕರಾರು. ಒಂದನೆಯ ತರಗತಿಯ ಮಗುವಿಗೆ ಅ ಆ ಇ ಈ ಕೇಳಿದರೆ ತಡವರಿಸುತ್ತದೆ, ಆದರೆ ‘ಗರಗಸ’ ಎಂದು ಬರೆಯುತ್ತದೆ. ಕಾರಣ ಸರಳ. ನಲಿ-ಕಲಿಯ ಮೊದಲ ಗುಚ್ಛದಲ್ಲಿ ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದ, ಕೂಡಿಸಿದ ಕೂಡಲೇ ಪದವಾಗುವ ಅಕ್ಷರಗಳು ಮೊದಲು ಬರುತ್ತವೆ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಹುಟ್ಟುತ್ತವೆ. ಮೊದಲ ವಾರಗಳಲ್ಲೇ ಮಗು ಓದಿದ್ದಕ್ಕೆ ಅರ್ಥ ಸಿಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸುವ ಹಟ ಬೇಡ. ಈ ಐದಕ್ಷರದಿಂದ ಎಷ್ಟು ಪದ ಕಟ್ಟಬಹುದು ನೋಡೋಣ ಎಂದು ಅಜ್ಜಿಯೇ ಪಂಥ ಹಾಕಲಿ. ವರ್ಣಮಾಲೆಯ ಕ್ರಮ ತಾನಾಗಿ ಮುಂದೆ ಬರುತ್ತದೆ.

ಇಪ್ಪತ್ತೈದೋ ಐವತ್ತೆರಡೋ

ಬೆಳಗಾವಿಯ ಮಗುವಿಗೆ ಬೆಂಗಳೂರಿನ ಪುಸ್ತಕ ಹೇಳಿಕೊಡದ ಒಂದು ತೊಡಕಿದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಅಥವಾ ದಖ್ಖನಿ ಉರ್ದು. ಎರಡಂಕಿಯ ಸಂಖ್ಯೆ ಕಲಿಯುವ ವಾರ ಈ ಬೆರಕೆ ಲೆಕ್ಕದೊಳಗೆ ಬಂದು ಕೂರುತ್ತದೆ. ಕನ್ನಡದಲ್ಲಿ ಇಪ್ಪತ್ತೈದು ಎನ್ನುವಾಗ ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ’ದಲ್ಲಾಗಲಿ, ಹಿಂದಿ ಉರ್ದುವಿನ ‘ಪಚ್ಚೀಸ್’ನಲ್ಲಾಗಲಿ ಐದು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ಕೇಳಿದ ಕ್ರಮದಲ್ಲೇ ಬರೆದ ಮಗು 52 ಎಂದು ಬರೆಯುತ್ತದೆ. 29ಕ್ಕಂತೂ ಮರಾಠಿಯಲ್ಲಿ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಮಗು 31 ಬರೆದರೂ ಆಶ್ಚರ್ಯವಿಲ್ಲ.

ಇದು ಮಗುವಿನ ಬುದ್ಧಿಯ ದೋಷವಲ್ಲ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ ಪಾಚ’ ಎನ್ನುವಂತೆ ಹತ್ತನ್ನು ಮೊದಲು ಹೇಳುವ ರೀತಿಯನ್ನು ತಂದದ್ದು ಇದೇ ಕಷ್ಟಕ್ಕಾಗಿ. ಆಗ ಅಲ್ಲಿ ದೊಡ್ಡ ವಾದವೇ ಎದ್ದಿತು. ಜರ್ಮನ್ ಭಾಷೆಯಲ್ಲೂ ಬಿಡಿ ಮೊದಲು, ಹತ್ತು ಆಮೇಲೆ. ಅಲ್ಲಿನ ಮಕ್ಕಳೂ ಹೀಗೇ ಅಂಕಿ ತಿರುಗಿಸಿ ಬರೆಯುತ್ತಾರೆ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಹತ್ತು ರೂಪಾಯಿಯ ಎರಡು ನೋಟು, ಒಂದು ರೂಪಾಯಿಯ ಐದು ನಾಣ್ಯ ಮುಂದಿಡಿ. “ಎರಡು ಹತ್ತು, ಐದು ಬಿಡಿ” ಎಂದು ಮಗುವೇ ಹೇಳಲಿ, ಆಮೇಲೆ 25 ಬರೆಯಲಿ. ಅದಾದ ಮೇಲೆ ಅದನ್ನೇ ಮರಾಠಿಯಲ್ಲಿ ಏನೆನ್ನುತ್ತಾರೆ, ಉರ್ದುವಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ. ಭಾಷೆ ಮೂರಾದರೂ ಮುಂದಿರುವ ನೋಟು ನಾಣ್ಯ ಬದಲಾಗುವುದಿಲ್ಲ ಎಂಬುದು ಕಣ್ಣಿಗೆ ಕಂಡರೆ ಗೊಂದಲ ಕರಗುತ್ತದೆ. ಮೂರಂಕಿಗೆ ಬಂದಾಗ ಇನ್ನೊಂದು ತಪ್ಪು ಕಾಣಿಸುತ್ತದೆ: ಮುನ್ನೂರ ಐದು ಎಂದರೆ 300 ಬರೆದು ಪಕ್ಕದಲ್ಲಿ 5 ಹಚ್ಚಿ 3005 ಮಾಡುವುದು. ಅದಕ್ಕೂ ಮದ್ದು ನೋಟುಗಳೇ. ನೂರರ ಮೂರು, ಹತ್ತರದ್ದು ಒಂದೂ ಇಲ್ಲ, ಬಿಡಿ ಐದು. ‘ಒಂದೂ ಇಲ್ಲ’ ಎಂಬುದಕ್ಕೆ ನಡುವೆ ಸೊನ್ನೆ ಬರುತ್ತದೆಂದು ಮಗುವಿಗೆ ಆಗ ಹೊಳೆಯುತ್ತದೆ.

ನಾಲ್ಕು ಮತ್ತು ಐದನೆಯ ತರಗತಿಯಲ್ಲಿ ಭಿನ್ನರಾಶಿ ನಡೆಯುವ ವಾರ ರವಿವಾರ ಪೇಟೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದಿಲ್ಲ. ಪಾವ, ಅರ್ಧ, ಪೌಣ, ಸವ್ವಾ, ದೀಡ, ಅಡೀಚ: ಇಲ್ಲಿ ವ್ಯಾಪಾರ ನಡೆಯುವುದೇ ಭಿನ್ನರಾಶಿಯಲ್ಲಿ. ಹಿಂದಿನ ತಲೆಮಾರಿನವರು ಪಾವಕಿ, ನಿಮಕಿ, ಪೌಣಕಿ, ಸವಾಯಕಿ, ದೀಡಕಿ ಎಂದು ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳನ್ನೇ ಬಾಯಿಪಾಠ ಮಾಡುತ್ತಿದ್ದರು. ಆ ಮಗ್ಗಿ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವಾರ ಮಗುವನ್ನು ಅವರ ಮುಂದೆ ಕೂರಿಸಿ.

ಈಗ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಪಾವ ಕಿಲೊ ಶೇಂಗಾ ಹಾಕಿದರೆ 0.250, ಅರ್ಧ ಕಿಲೊಗೆ 0.500, ಸವ್ವಾ ಕಿಲೊಗೆ 1.250, ದೀಡ ಕಿಲೊಗೆ 1.500. ಬಾಯಲ್ಲಿ ಭಿನ್ನರಾಶಿ, ಪರದೆಯ ಮೇಲೆ ದಶಮಾಂಶ. ಪುಸ್ತಕದಲ್ಲಿ ಬೇರೆ ಬೇರೆ ಪಾಠದಲ್ಲಿ ಬರುವ ಎರಡೂ ಇಲ್ಲಿ ಒಂದೇ ತಕ್ಕಡಿಯಲ್ಲಿ ಕೂಡುತ್ತವೆ. ಮಗುವಿಗೆ ಹೀಗೆ ಕೇಳಿ: 0.5 ದೊಡ್ಡದೋ 0.250 ದೊಡ್ಡದೋ? ಐದಕ್ಕಿಂತ ಇನ್ನೂರೈವತ್ತು ದೊಡ್ಡದಲ್ಲವೇ ಎಂದು ಬಹಳ ಮಕ್ಕಳು 0.250 ಎನ್ನುತ್ತಾರೆ. ಕಾಟಾ ಯಾವಾಗಲೂ ಬಿಂದುವಿನ ಮುಂದೆ ಮೂರು ಅಂಕಿ ತೋರಿಸುವುದರಿಂದ ಅದು 0.500 ಆಗಿ ಕಾಣುತ್ತದೆ, ತಪ್ಪು ತಾನೇ ತಿದ್ದಿಕೊಳ್ಳುತ್ತದೆ. ಕಾಲು ದೊಡ್ಡದೋ ಮೂರನೇ ಒಂದು ದೊಡ್ಡದೋ ಎಂಬ ಗೊಂದಲಕ್ಕೆ ಬೆಲ್ಲದ ಪೆಂಟಿ ಸಾಕು. ನಾಲ್ಕು ಮಂದಿಗೆ ಹಂಚಿದರೆ ಹೆಚ್ಚು ಸಿಗುತ್ತದೋ ಮೂರು ಮಂದಿಗೆ ಹಂಚಿದರೋ ಎಂದರೆ ಯಾವ ಮಗುವೂ ತಪ್ಪುವುದಿಲ್ಲ.

ಐದನೆಯ ತರಗತಿಯ ಐದಂಕಿಯ ಸಂಖ್ಯೆಗಳಿಗೆ ಕ್ವಿಂಟಲ್ ಲೆಕ್ಕ ಹಿಡಿಯಿರಿ. ಸಂಕೇಶ್ವರ ಮೆಣಸಿನಕಾಯಿ ಕ್ವಿಂಟಲಿಗೆ 18,500 ರೂಪಾಯಿ ಎಂದಿಟ್ಟುಕೊಂಡರೆ ಕಿಲೊಗೆ 185. “ಎರಡು ಸೊನ್ನಿ ತಗದರಾತು” ಎಂಬ ಪೇಟೆಯ ಜಾಣತನವನ್ನು ಕೂಡಲೇ ಹೇಳಿಕೊಡಬೇಡಿ. ಕ್ವಿಂಟಲಿನಲ್ಲಿ ನೂರು ಕಿಲೊ ಇದೆ, ಆದ್ದರಿಂದ ನೂರರಿಂದ ಭಾಗಿಸುತ್ತೇವೆ ಎಂದು ಮಗು ತಾನೇ ಹೇಳಲಿ. ಕಾರಣ ಗೊತ್ತಿಲ್ಲದ ಮಗು 18,550ಕ್ಕೆ ಬಂದಾಗ ತೆಗೆಯಲು ಎರಡನೆಯ ಸೊನ್ನೆ ಸಿಗದೆ ನಿಂತುಬಿಡುತ್ತದೆ.

ಒಂದು ಎಚ್ಚರಿಕೆ. ಲಾರಿ ಖಾಲಿ ಮಾಡುವ ಹೊತ್ತಿನಲ್ಲಿ ಮಕ್ಕಳನ್ನು ಪೇಟೆಗೆ ಕರೆತರಬೇಡಿ. ಜನ ಕಡಿಮೆ ಇರುವಾಗ ಅರ್ಧ ತಾಸು ಬಂದರೆ ಬೇಕಾದಷ್ಟಾಯಿತು. ಇದು ಮಗುವಿನ ಪಾಠ, ಅಂಗಡಿಗೆ ಆಳು ಸಿಕ್ಕಂತಲ್ಲ.

ಬೋರ್ಡು ಓದುವ ಆಟ

ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದ ಮಗುವಿಗೆ ಅಂಗಡಿಯ ಬೋರ್ಡುಗಳು ಒಳ್ಳೆಯ ಓದು. ಮೊದಲು ‘ಕಿರಾಣಿ’, ‘ಬೆಲ್ಲ’, ‘ಎಣ್ಣೆ’. ‘ಟ್ರೇಡರ್ಸ್’ ಕೊನೆಗಿರಲಿ, ಅದರಲ್ಲಿ ರ ಒತ್ತೂ ಇದೆ, ಅರ್ಕಾವತ್ತೂ ಇದೆ. ಗಣಪತ ಗಲ್ಲಿಯಿಂದ ಖಡೇಬಜಾರದವರೆಗೆ ನಡೆದರೆ ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಲಿಪಿ ಸಿಗುತ್ತವೆ. ಮನೆಮಾತು ಮರಾಠಿಯಾದ ಮಗು ಕನ್ನಡ ಓದುವಾಗ ಎ-ಏ, ಒ-ಓಗಳಲ್ಲಿ ಎಡವುತ್ತದೆ, ‘ಕೊಡು’ ‘ಕೋಡು’ ಒಂದೇ ಆಗಿಬಿಡುತ್ತವೆ. ಮರಾಠಿ ಬರವಣಿಗೆಯಲ್ಲಿ ಈ ಹ್ರಸ್ವ ದೀರ್ಘದ ಭೇದವಿಲ್ಲ. ಅದೇ ಮಗು ಮಹಾಪ್ರಾಣಗಳನ್ನು ಕನ್ನಡ ಮನೆಯ ಮಗುವಿಗಿಂತ ಚೊಕ್ಕಟವಾಗಿ ನುಡಿಯುತ್ತದೆ. ಒಂದು ಕೈ ಕಡಿಮೆಯಾದಲ್ಲಿ ಇನ್ನೊಂದು ಕೈ ಮೇಲಿದೆ ಎಂದು ಮಗುವಿಗೆ ಹೇಳಿ. ಮನೆಯಲ್ಲಿ ಮರಾಠಿಯನ್ನೋ ಕೊಂಕಣಿಯನ್ನೋ ಉರ್ದುವನ್ನೋ ಬಿಟ್ಟು ಮುರುಕು ಕನ್ನಡವನ್ನಷ್ಟೇ ಆಡಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ತಾಯಿ ತನ್ನ ಮಾತಿನಲ್ಲಿ ತುಂಬಿ ಹೇಳಿದ ಕಥೆಯೇ ಮಗುವಿನ ಕನ್ನಡ ಓದಿಗೂ ಬಲ ಕೊಡುತ್ತದೆ.

ಓದು ಬಾರದ ತಾಯಂದಿರು “ನಮಗೇನ ತಿಳೀತೈತ್ರೀ” ಎಂದು ಹಿಂದೆ ಸರಿಯುತ್ತಾರೆ. ಸರಿಯಬೇಕಾಗಿಲ್ಲ. ಮಗು ಬೆರಳಿಟ್ಟು ಗಟ್ಟಿಯಾಗಿ ಓದಲಿ, ನೀವು ರೊಟ್ಟಿ ಬಡಿಯುತ್ತಲೇ ಕೇಳಿ. ಎಲ್ಲಿ ತಡೆದು ನಿಂತಿತು ಎಂಬುದು ಕಿವಿಗೇ ಗೊತ್ತಾಗುತ್ತದೆ. ಆ ಪುಟದ ಮೂಲೆ ಮಡಚಿಟ್ಟು ಮರುದಿನ ಶಿಕ್ಷಕರಿಗೆ ತೋರಿಸಲು ಹೇಳಿ. ಓದಿದ್ದನ್ನು ಮನೆಮಾತಿನಲ್ಲಿ ತಿರುಗಿ ಹೇಳಿಸಿದರೆ ಅರ್ಥವಾಗಿದೆಯೋ ಇಲ್ಲವೋ ಅದೂ ತಿಳಿಯುತ್ತದೆ.

ನೀರು ಎಲ್ಲಿಂದ ಬಂತು

ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಬಂದ ವಾರ ನಗರದ ಮಗುವಿಗೆ ನಲ್ಲಿಯ ಜಾಡು ಹಿಡಿಯಲು ಹೇಳಿ. ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ಖಾನಾಪುರದ ಮಗುವಿಗೆ ನದಿಯೇ ಊರ ಮುಂದಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ದಾರಿಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆಸಿದರೆ ನಕಾಶೆ ಓದುವ ಪಾಠವೂ ಆಯಿತು.

ಖಾನಾಪುರದ ಕಾಡಂಚಿನ ಶಾಲೆಗಳ ಸ್ಥಿತಿ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿಗೆ ಇಬ್ಬರೇ. ಒಂದು ಗುಂಪಿಗೆ ಪಾಠ ನಡೆಯುವಾಗ ಇನ್ನೊಂದು ತಾನೇ ಓದುತ್ತಿರುತ್ತದೆ. ಇಂಥಲ್ಲಿ ಊರಿನ ಹಿರಿಯರು ವಾರಕ್ಕೊಂದು ತಾಸು ಶಾಲೆಗೆ ಬಂದು ತಮಗೆ ಗೊತ್ತಿದ್ದನ್ನು ಹೇಳಿದರೆ ದೊಡ್ಡ ಉಪಕಾರ. ಕಾಡಿನ ಮಾತನ್ನೇ ತೆಗೆದುಕೊಳ್ಳಿ: ತಳೇವಾಡಿಯ ಸುತ್ತಲಿನ ಭೀಮಗಡ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಬಾರಾಪೇಡೆ ಗವಿಗಳಲ್ಲಿ ಜಗತ್ತಿನಲ್ಲೇ ಅಪರೂಪದ ರಾಟನ್ ಬಾವಲಿ ವಾಸವಾಗಿದೆ. ಜೀವಜಗತ್ತಿನ ಪಾಠಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇರೆ ಯಾವ ತಾಲ್ಲೂಕಿನ ಮಕ್ಕಳಿಗಿದೆ! ಖಾನಾಪುರದ ಮಣ್ಣು, ಹೆಂಚು, ಮಡಕೆಯ ಕಸುಬು ಬಲ್ಲವರೂ ಹಾಗೆಯೇ ಶಾಲೆಗೆ ಬೇಕು.

ನಗರದ ಮಕ್ಕಳನ್ನು ತಿಂಗಳ ಮೂರನೆಯ ಶನಿವಾರ, ಬ್ಯಾಗಿಲ್ಲದ ದಿನ, ಕೋಟೆಯೊಳಗಿನ ಕಮಲ ಬಸದಿಗೆ ಕರೆದೊಯ್ಯುವಂತೆ ಶಾಲೆಗೆ ಸೂಚಿಸಬಹುದು. 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿ ಅದು. ಒಳಗಿನ ಕಮಲಕ್ಕೆ 72 ದಳ, ಭೂತ, ವರ್ತಮಾನ, ಭವಿಷ್ಯದ ತಲಾ 24 ತೀರ್ಥಂಕರರ ಲೆಕ್ಕದಲ್ಲಿ. 24ರ ಮಗ್ಗಿ ಕಲಿಯುವ ಮಗು ತಲೆ ಎತ್ತಿ ಅದನ್ನು ನೋಡಬೇಕು.

ಬ್ಯಾಗು, ಮನೆಗೆಲಸ, ಭೇಟಿ

2019ರ ಮೇ ತಿಂಗಳ ಸರ್ಕಾರಿ ಆದೇಶದಂತೆ ಒಂದು-ಎರಡನೆಯ ತರಗತಿಯ ಬ್ಯಾಗಿನ ತೂಕ 2 ಕಿಲೊ, ಮೂರರಿಂದ ಐದರವರೆಗೆ 3 ಕಿಲೊ ಮೀರಬಾರದು. ಒಂದು-ಎರಡನೆಯ ತರಗತಿಗೆ ಮನೆಗೆಲಸ ಕೊಡುವಂತಿಲ್ಲ. 2023ರಲ್ಲಿ ಈ ಆದೇಶವನ್ನು ಮತ್ತೆ ಹೊರಡಿಸಿದರು. ಅಂಗಡಿಯ ಕಾಟಾದ ಮೇಲೆ ಮಗುವಿನ ಪಾಟಿಚೀಲವನ್ನೊಮ್ಮೆ ಇಟ್ಟು ನೋಡಿ. ಹೆಚ್ಚಾಗಿದ್ದರೆ ಈ ವಾರ ಯಾವ ಪುಸ್ತಕ ಬೇಕಿಲ್ಲ ಎಂದು ಶಿಕ್ಷಕರನ್ನು ಕೇಳಿ. ವೇಳಾಪಟ್ಟಿ ತಿಳಿಯಲು ಅದೂ ಒಂದು ನೆಪ.

ಶಿಕ್ಷಕರನ್ನು ಭೇಟಿಯಾಗುವುದಕ್ಕೆ ಸಂಕೋಚ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮಿನಲ್ಲೇ ಇದೆ: ಶಿಕ್ಷಕರು ಪಾಲಕರ ಸಭೆಗಳನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸಬೇಕು. ಪಾಠ ನಡೆಯುವಾಗ ಬಾಗಿಲಲ್ಲಿ ನಿಲ್ಲಬೇಡಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೋಗಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರೇ ಹೆಚ್ಚಿದ್ದಾರೆ. ವಾರದ ಪಾಠವನ್ನು ಸೂಚನಾ ಫಲಕದ ಮೇಲೆ ಬರೆಯಿಸುವ ಮಾತನ್ನು ಅಲ್ಲಿ ಎತ್ತಬಹುದು. ಖರ್ಚಿಲ್ಲದ ಕೆಲಸ, ಶಿಕ್ಷಕರಿಗೆ ಹೊರೆಯೂ ಆಗದು. ಪಾಲಕರ ವಾಟ್ಸಾಪ್ ಗುಂಪಿದ್ದರೆ ಆ ಫಲಕದ ಫೋಟೊ ಅಲ್ಲಿಗೂ ಹೋಗಲಿ.

ಭೇಟಿಯಲ್ಲಿ ಅಂಕದ ಮಾತು ಮೊದಲು ಎತ್ತಬೇಡಿ. ಈ ವಾರ ಏನು ಹೊಸದಾಗಿ ಶುರುವಾಗಿದೆ, ನನ್ನ ಮಗು ಅದರಲ್ಲಿ ಎಲ್ಲಿ ತಡೆಯುತ್ತಿದೆ, ಮನೆಯಲ್ಲಿ ಏನು ಮಾಡಿಸಲಿ ಎಂದು ಕೇಳಿ. “ಸ್ವಲ್ಪ ಹಿಂದ ಅದಾನ್ರೀ” ಎಂಬ ಉತ್ತರ ಬಂದರೆ ಯಾವುದರಲ್ಲಿ ಹಿಂದೆ ಎಂದು ಬಿಡಿಸಿ ಕೇಳಿ: ಒತ್ತಕ್ಷರದಲ್ಲೋ, ದಶಕ ಬಿಡಿಸಿ ಕಳೆಯುವುದರಲ್ಲೋ. ಪರಿಹಾರ ಬೋಧನೆ ಯಾವಾಗ ನಡೆಯುತ್ತದೆಂದು ತಿಳಿದುಕೊಂಡು ಆ ದಿನಗಳಲ್ಲಿ ಮಗುವನ್ನು ತಪ್ಪದೆ ಕಳಿಸಿ. ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡಲು ಕೇಳಿ. ಶ್ರೇಣಿಗಿಂತ ತಪ್ಪಿದ ಲೆಕ್ಕದ ಗುರುತುಗಳು ನಿಮಗೆ ಹೆಚ್ಚು ತಿಳಿಸುತ್ತವೆ.

ದಸರಾ ರಜೆಗೆ ಶಾಲೆ ಬಿಟ್ಟಾಗ ಪುಸ್ತಕದ ಭಾಗ 1ನ್ನು ರದ್ದಿಗೆ ಹಾಕಬೇಡಿ. ಎರಡನೆಯ ಅವಧಿಯ ಗಣಿತ ಅದರ ಮೇಲೆಯೇ ನಿಲ್ಲುತ್ತದೆ, ವಾರ್ಷಿಕ ಪರೀಕ್ಷೆ ಮುಗಿಯುವವರೆಗಾದರೂ ಅದು ಮನೆಯಲ್ಲಿರಲಿ.